ಮೊದಲು ಮಾರ್ಕು, ಆಮೇಲೆ ಮಾತು: ಪ್ರಿನ್ಸಿಪಾಲ್ ಆಯ್ಕೆಯಲ್ಲಿ ನನ್ನ ಅನುಭವ

ನಮ್ಮ ಶಾಲೆಗೆ ಈಗಿನ ಪ್ರಿನ್ಸಿಪಾಲ್ ಮೇಡಂ ಬಂದು ನಾಲ್ಕನೇ ವರ್ಷ ನಡೆಯುತ್ತಿದೆ. ಅದಕ್ಕೂ ಮುಂಚಿನ ಐದಾರು ವರ್ಷದಲ್ಲಿ ಅದೇ ಕುರ್ಚಿಯಲ್ಲಿ ಮೂವರು ಕೂತು ಎದ್ದು ಹೋಗಿದ್ದರು. ನಾವು ಆಯ್ಕೆಯ ರೀತಿ ಬದಲಾಯಿಸಿದಾಗ "ಇದೇನು ಬ್ಯಾಂಕ್ ಕ್ಲರ್ಕ್ ಪರೀಕ್ಷೆಯಾ ಮಾರಾಯ್ರೆ?" ಅಂದವರೇ ಈಗ "ಆ ಮಾರ್ಕು ಹಾಕುವ ಹಾಳೆ ಸ್ವಲ್ಪ ಕಳಿಸಿ" ಅಂತ ಫೋನ್ ಮಾಡುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳಿ ಹೇಳಿ ಸಾಕಾಯಿತು. ಒಂದೇ ಸಲ ಬರೆದುಬಿಡುತ್ತೇನೆ.

ನಾನು ಮುಂಬಯಿಯ ಪಶ್ಚಿಮ ಉಪನಗರದ ಒಂದು ಕನ್ನಡ ಸಂಸ್ಥೆಯ ಶಿಕ್ಷಣ ಸಮಿತಿಯಲ್ಲಿದ್ದೇನೆ. ಬೆಳಗ್ಗೆ ಇಂಗ್ಲಿಷ್ ಮಾಧ್ಯಮ, ಮಧ್ಯಾಹ್ನ ಅಳಿದುಳಿದ ಕನ್ನಡ ಕ್ಲಾಸುಗಳು, ಸಂಜೆ ರಾತ್ರಿ ಶಾಲೆ. ಹೊಟ್ಟೆಪಾಡಿಗೆ ನಾನು ಮಾಡುವುದು ಲೆಕ್ಕಪತ್ರದ ಕೆಲಸ. ಇದನ್ನು ಓದುವವರು ಬಹುಪಾಲು ನನ್ನ ಹಾಗೇ ಯಾವುದೋ ಟ್ರಸ್ಟಿನಲ್ಲಿ ಸಿಕ್ಕಿಬಿದ್ದವರು ಅಂದುಕೊಂಡಿದ್ದೇನೆ. ಜಾಹೀರಾತು, ಅರ್ಹತೆ, ಪೊಲೀಸ್ ವೆರಿಫಿಕೇಶನ್, ಶಿಕ್ಷಣ ಇಲಾಖೆಯ ಇನ್‌ಸ್ಪೆಕ್ಟರ್ ಆಫೀಸಿನ ಮಂಜೂರಾತಿ ಎಲ್ಲ ನಿಮಗೆ ಗೊತ್ತಿದ್ದದ್ದೇ. ಅದನ್ನೆಲ್ಲ ಬಿಡುತ್ತೇನೆ.

ಕಾಯ್ದೆಯ ಒಂದು ಮಾತು ಮಾತ್ರ ಹೇಳಲೇಬೇಕು. ಮಹಾರಾಷ್ಟ್ರದ ಉಳಿದ ಖಾಸಗಿ ಶಾಲೆಗಳಿಗೆ ಹೆಡ್ ಆರಿಸುವ ಈ ತಲೆನೋವು ಇಷ್ಟಿಲ್ಲ. ಖಾಸಗಿ ಶಾಲೆಗಳ ನೌಕರರ 1977ರ ಎಂಇಪಿಎಸ್ ಕಾಯ್ದೆ, 1981ರ ನಿಯಮಗಳ ಪ್ರಕಾರ ಅರ್ಹತೆ ಇದ್ದು, ಸರ್ವಿಸ್ ರೆಕಾರ್ಡ್ ಸರಿ ಇದ್ದರೆ ಸೀನಿಯಾರಿಟಿಯಲ್ಲಿ ಮೇಲಿದ್ದವರೇ ಹೆಡ್. ನಮ್ಮದು ಭಾಷಾ ಅಲ್ಪಸಂಖ್ಯಾತ ಶಾಲೆ. ಅದೇ ಕಾಯ್ದೆಯ 3ನೇ ಕಲಮು ಹೆಡ್ ನೇಮಕವನ್ನು ನಮ್ಮ ಕೈಗೆ ಬಿಟ್ಟಿದೆ. 1998ರಲ್ಲಿ ಕೇರಳದ ಒಂದು ಶಾಲೆಯ ಕೇಸಿನಲ್ಲಿ ಸುಪ್ರೀಂ ಕೋರ್ಟೂ ಹೆಡ್ಡನ್ನು ಆರಿಸುವುದು ಅಲ್ಪಸಂಖ್ಯಾತ ಆಡಳಿತದ ಹಕ್ಕು ಅಂದಿತು. ಹಕ್ಕು ಸಿಕ್ಕಿತು ಅಂತ ನಮಗೆಲ್ಲ ಖುಷಿಯೋ ಖುಷಿ. ಆದರೆ ಸೀನಿಯಾರಿಟಿ ತೆಗೆದರೆ ಆ ಜಾಗದಲ್ಲಿ ಏನು ಕೂರುತ್ತದೆ? ನಮ್ಮಲ್ಲಿ "ಯಾರ ಕಡೆಯವರು" ಅನ್ನುವುದು ಬಂದು ಕೂತಿತು.

ಹಳೆಯ ಇಂಟರ್‌ವ್ಯೂ ಹೇಗಿತ್ತು ಅಂದರೆ, ಉದ್ದ ಮೇಜು, ಏಳೆಂಟು ಟ್ರಸ್ಟಿಗಳು, ಅಭ್ಯರ್ಥಿಗೆ ಒಂದು ಪ್ಲಾಸ್ಟಿಕ್ ಕುರ್ಚಿ. ಮೊದಲ ಪ್ರಶ್ನೆ "ಊರು ಯಾವುದು?" ಎರಡನೆಯದು "ಉಡುಪಿಯಲ್ಲಿ ಎಲ್ಲಿ?" ಮೂರನೆಯ ಪ್ರಶ್ನೆಗೆ ಮೇಜಿನ ಒಂದು ಬದಿಯವರ ಮುಖ ಅರಳಿರುತ್ತಿತ್ತು, ಇನ್ನೊಂದು ಬದಿಯವರದ್ದು ಬಾಡಿರುತ್ತಿತ್ತು. ಒಬ್ಬರಿಗೆ ರಿಸಲ್ಟ್ ಬಗ್ಗೆ ಕೇಳಿದರೆ ಇನ್ನೊಬ್ಬರಿಗೆ ಗಂಡ ಎಲ್ಲಿ ಕೆಲಸ ಅಂತ ಕೇಳುತ್ತಿದ್ದರು. ಗಂಡಸರಿಗೆ ಹೆಂಡತಿಯ ಕೆಲಸ ಯಾರೂ ಕೇಳಿದ್ದು ನಾನು ಕಂಡಿಲ್ಲ. ಹೊರಗೆ ಹೋದ ಕೂಡಲೇ ಹಿರಿಯ ಟ್ರಸ್ಟಿಯೊಬ್ಬರು "ಒಳ್ಳೇ ಜನ" ಅನ್ನುತ್ತಿದ್ದರು. ಅವರು ಹಾಗಂದ ಮೇಲೆ ಬೇರೆಯವರ ಪೆನ್ನು ಅತ್ತಲೇ ಓಡುತ್ತಿತ್ತು.

ಹಾಗೆ ಆರಿಸಿದವರಲ್ಲಿ ಒಬ್ಬರು ವರ್ಷ ತುಂಬುವುದರೊಳಗೆ ಹೋದರು. ನೋಟಿಸ್ ಸಂಬಳ, ಮತ್ತೆ ಜಾಹೀರಾತು, ಅದರ ಮೇಲೆ ಆ ವರ್ಷ ಸೀನಿಯರ್ ಕೆಜಿಗೆ ಕಡಿಮೆ ಬಿದ್ದ ಮಕ್ಕಳು. ನನ್ನ ಲೆಕ್ಕದಲ್ಲಿ ಅದು ನಾಲ್ಕೂವರೆ ಲಕ್ಷದ ಹೊಡೆತ. ಖಜಾಂಚಿಯವರ ಲೆಕ್ಕದಲ್ಲಿ ಮೂರು. ಯಾವುದಾದರೂ ಆಗಲಿ, ಈ ಅಂಕಿ ತೋರಿಸಿದ ಮೇಲೆಯೇ ಸಮಿತಿ ನನ್ನ ಮಾತು ಕೇಳಿದ್ದು. ನ್ಯಾಯ, ಸಮಾನತೆ ಅಂತ ಮೊದಲು ಒಂದು ವರ್ಷ ಮಾತಾಡಿದ್ದೆ. ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ.

ಒಂದು ಸಲಹೆಗಾರ ಕಂಪನಿಯನ್ನೂ ಕರೆದೆವು. ಚಂದದ ಸ್ಲೈಡ್ ತೋರಿಸಿ ಎರಡೂವರೆ ಲಕ್ಷ ಪ್ಲಸ್ ಜಿಎಸ್‌ಟಿ ಅಂದರು. ಟೀ ಕುಡಿಸಿ ಕಳಿಸಿದೆವು.

ಮೊದಲ ಪ್ರಯತ್ನ ನೂರು ಮಾರ್ಕಿನ ಹಾಳೆ. ವ್ಯಕ್ತಿತ್ವ, ನಾಯಕತ್ವ, ಸಂವಹನ, ದೂರದೃಷ್ಟಿ ಅಂತ ಹತ್ತು ತಲೆಬರಹ, ಒಂದೊಂದಕ್ಕೆ ಹತ್ತು ಮಾರ್ಕು. ಎಲ್ಲರೂ ಎಲ್ಲದಕ್ಕೂ ಏಳು ಕೊಟ್ಟರು. ಮನಸ್ಸಿಗೆ ಬಂದವರಿಗೆ ಎಂಟು, ಬಾರದವರಿಗೆ ಆರು. ಒಂದನೇ ತಲೆಬರಹಕ್ಕೆ ಎಂಟು ಬಿದ್ದರೆ ಕೆಳಗಿನ ಒಂಬತ್ತಕ್ಕೂ ಎಂಟೇ. ಹತ್ತು ಮಾರ್ಕು ಕೊಟ್ಟ ಹಾಗೆ ಕಂಡರೂ ನಿಜಕ್ಕೂ ಕೊಟ್ಟದ್ದು ಒಂದೇ. "ದೂರದೃಷ್ಟಿ" ಅಂದರೆ ಏನು ಅಂತ ಕೇಳಿದಾಗ ಐದು ಜನ ಐದು ಅರ್ಥ ಹೇಳಿದರು.

ಎರಡನೆಯದು ಲಿಖಿತ ಪರೀಕ್ಷೆ. ಕಾಯ್ದೆ, ನಿಯಮ, ಎನ್‌ಇಪಿ 2020 ಅಂದರೆ ರಾಷ್ಟ್ರೀಯ ಶಿಕ್ಷಣ ನೀತಿ, ಇತ್ಯಾದಿ. ಇಪ್ಪತ್ತು ವರ್ಷ ಪಾಠ ಮಾಡಿದವರು ಹಾಲ್ ಟಿಕೆಟ್ ನೋಡಿ ಸಿಟ್ಟಾದರು. ಇಬ್ಬರು ಎದ್ದೇ ಹೋದರು. ಜಾಸ್ತಿ ಮಾರ್ಕು ಬಂದದ್ದು ಕೋಚಿಂಗ್ ಕ್ಲಾಸಿನವರಿಗೆ. ಅದನ್ನೂ ಬಿಟ್ಟೆವು. ವಿಡಿಯೋ ಕಾಲ್ ಕೂಡ ಮಾಡಿ ನೋಡಿದೆವು. ನೆಟ್‌ವರ್ಕ್ ಕೈಕೊಟ್ಟದ್ದು ಅಭ್ಯರ್ಥಿಯ ತಪ್ಪಲ್ಲ, ಆದರೆ ಮಾರ್ಕು ಹೋದದ್ದು ಅವರದೇ. ಒಬ್ಬರ ಹಿಂದೆ ಯಾರೋ ಉತ್ತರ ಹೇಳಿಕೊಡುವುದೂ ಕೇಳಿಸಿತು.

ಕೊನೆಗೆ ಕೆಲಸ ಮಾಡಿದ್ದು ತೀರಾ ಸಾದಾ ವಿಷಯ. ಪ್ರಿನ್ಸಿಪಾಲರ ಕೆಲಸವನ್ನೇ ಮಾಡಿಸಿ ನೋಡುವುದು. ಒಳ್ಳೆಯ ಉತ್ತರ ಯಾವುದು ಅಂತ ಅಭ್ಯರ್ಥಿ ಬರುವ ಮುಂಚೆಯೇ ಬರೆದಿಡುವುದು. ಮಾರ್ಕು ಹಾಕಿ ಹಾಳೆ ಮಡಚಿ ಲಕೋಟೆಗೆ ಹಾಕಿದ ಮೇಲೆಯೇ ಬಾಯಿ ಬಿಡುವುದು. ಈ ಮೂರರಲ್ಲಿ ನಡುವಿನದ್ದಕ್ಕೇ ಮುಕ್ಕಾಲು ಪಾಲು ಶ್ರಮ ಹೋಯಿತು.

ಕೆಲಸ ಅಂದರೆ ಒಂದು ಕಡತ. ಅದರಲ್ಲಿ ಒಂಬತ್ತೋ ಹತ್ತೋ ಕಾಗದಗಳು. ಅಭ್ಯರ್ಥಿಗೆ 50 ನಿಮಿಷ, ಒಂದು ಪೆನ್ನು, ಒಂದು ಲೋಟ ನೀರು. ಶುರುವಿನಲ್ಲಿ ನಮ್ಮ ಶಾಲೆಯ ನಿಜವಾದ ಪತ್ರಗಳನ್ನೇ ಹೆಸರು ಅಳಿಸಿ ಹಾಕಿದ್ದೆವು. ಆದರೆ ನಮ್ಮದೇ ಸೂಪರ್‌ವೈಸರ್ ಮೇಡಂ ಕೂಡ ಅರ್ಜಿ ಹಾಕಿದ್ದರು. ಅವರಿಗೆ ಪ್ರತಿ ಪತ್ರದ ಹಿಂದಿನ ಕಥೆ ಗೊತ್ತು. ಹೊರಗಿನವರಿಗೆ ಅನ್ಯಾಯ. ಹಾಗಾಗಿ ಠಾಣೆ ಕಡೆಯ ಒಂದು ಇಲ್ಲದ ಶಾಲೆಯನ್ನು ಹುಟ್ಟಿಸಿದೆವು. ಅದಕ್ಕೆ ಮಕ್ಕಳ ಸಂಖ್ಯೆ, ಟೈಮ್‌ಟೇಬಲ್, ಟೀಚರ್‌ಗಳ ಪಟ್ಟಿ, ಸೋರುವ ಮಾಳಿಗೆ ಎಲ್ಲ ಕೊಟ್ಟೆವು.

ಒಂದು ಕಾಗದ ಹೇಗಿತ್ತು ಅಂತ ಹೇಳುತ್ತೇನೆ. ಇದನ್ನು ಇನ್ನು ಬಳಸುವುದಿಲ್ಲ, ಹಾಗಾಗಿ ಹೇಳಬಹುದು. ಜುಲೈ ತಿಂಗಳು, ಬೆಳಗ್ಗೆ 11.20. ಮಳೆ ನಿಂತಿಲ್ಲ. ಸಬ್‌ವೇಯಲ್ಲಿ ನೀರು ತುಂಬಿ ರಸ್ತೆ ಬಂದ್. ಮೂರು ಸ್ಕೂಲ್ ಬಸ್ಸುಗಳಲ್ಲಿ ಇಬ್ಬರು ಡ್ರೈವರ್‌ಗಳು ಫೋನ್ ಎತ್ತುತ್ತಿಲ್ಲ. ಮಧ್ಯಾಹ್ನದ ಪಾಳಿಯ ಮಕ್ಕಳು ಮನೆಯಿಂದ ಹೊರಡುವ ಹೊತ್ತು. ಗೇಟಿನ ಹೊರಗೆ ತಂದೆತಾಯಿಗಳ ಗಲಾಟೆ. ಟ್ರಸ್ಟಿಯೊಬ್ಬರು ಫೋನ್ ಮಾಡಿ "ಬೇಗ ಶಾಲೆ ಬಿಟ್ಟುಬಿಡಿ" ಅನ್ನುತ್ತಿದ್ದಾರೆ. ಈಗ ಏನು ಮಾಡುತ್ತೀರಿ?

ಇದಕ್ಕೆ ನಾಲ್ಕು ಮೆಟ್ಟಿಲು ಬರೆದೆವು. ಟ್ರಸ್ಟಿ ಹೇಳಿದರು ಅಂತ ಗೇಟು ತೆರೆದರೆ ಒಂದು ಮಾರ್ಕು. ಪಾಲಿಕೆಯ ಸೂಚನೆ ಬರಲಿ ಅಂತ ಕಾದು ಕೂತರೆ ಎರಡು. ಮಕ್ಕಳನ್ನು ಮೇಲಿನ ಮಹಡಿಗೆ ಕಳಿಸಿ, ಬಂದ ತಂದೆತಾಯಿಗೆ ಸಹಿ ಹಾಕಿಸಿ ಒಪ್ಪಿಸಿ, ಮಧ್ಯಾಹ್ನದ ಪಾಳಿಗೆ ಬರಬೇಡಿ ಅಂತ ಮೆಸೇಜ್ ಹಾಕಿದರೆ ಮೂರು. ಇಷ್ಟೂ ಮಾಡಿ, ರಾತ್ರಿವರೆಗೆ ಉಳಿದುಬಿಡುವ ಮಕ್ಕಳ ಊಟ, ನೀರು, ಯಾವ ಟೀಚರ್ ಉಳಿಯಬೇಕು, ಯಾರ ಮನೆ ಹತ್ತಿರ ಅಂತಲೂ ಯೋಚಿಸಿ, ಟ್ರಸ್ಟಿಗೆ ಮರ್ಯಾದೆಯಿಂದಲೇ "ಆಗುವುದಿಲ್ಲ ಸರ್" ಅಂದರೆ ನಾಲ್ಕು. ಐದನೆಯ ಮೆಟ್ಟಿಲು ಬೇಕೆಂದೇ ಇಡಲಿಲ್ಲ. ಐದು ಇಟ್ಟರೆ ಎಲ್ಲರೂ ಮೂರಕ್ಕೆ ಹೋಗಿ ಕೂರುತ್ತಾರೆ. ನಾಲ್ಕಿದ್ದರೆ ಈಚೆಗೋ ಆಚೆಗೋ ಬೀಳಲೇಬೇಕು.

ಈ ನಾಲ್ಕು ಸಾಲು ಬರೆಯಲು ಒಂದು ಇಡೀ ಸಂಜೆ ಜಗಳ ಆಯಿತು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದದ್ದು ನಮ್ಮ ಪೀಳಿಗೆಯವರು ಮರೆಯುವ ಹಾಗಿಲ್ಲ. ಅವತ್ತು ಶಾಲೆಯಲ್ಲೇ ರಾತ್ರಿ ಕಳೆದ ಮಕ್ಕಳು ಕ್ಷೇಮವಾಗಿದ್ದರು, ಹೊರಟವರ ಪಾಡು ಬೇಡ ಅಂತ ಒಬ್ಬರು. ಬೇಗ ಬಿಟ್ಟಿದ್ದರೆ ಎಲ್ಲರೂ ಮನೆ ಸೇರುತ್ತಿದ್ದರು ಅಂತ ಇನ್ನೊಬ್ಬರು. ಜಗಳ ಮುಗಿಯುವಾಗ ಹತ್ತು ಗಂಟೆ. ಆದರೆ ಅದೇ ಜಗಳ ಅಭ್ಯರ್ಥಿ ಹೋದ ಮೇಲೆ ಆಗಿದ್ದರೆ ಏನಾಗುತ್ತಿತ್ತು? ತಮಗೆ ಬೇಕಾದವರು ಏನು ಹೇಳಿದ್ದರೋ ಅದೇ ಸರಿ ಅಂತ ಎಲ್ಲರೂ ವಾದಿಸುತ್ತಿದ್ದರು.

ಕಡತದ ಮಿಕ್ಕ ಕಾಗದಗಳಲ್ಲಿ ಒಂದು ಇನ್‌ಸ್ಪೆಕ್ಟರ್ ಆಫೀಸಿನ ಮರಾಠಿ ಪತ್ರ. 2020ರ ಕಾಯ್ದೆ ಬಂದ ಮೇಲೆ ಮರಾಠಿ ಕಲಿಸುವುದು ಎಲ್ಲ ಶಾಲೆಗೂ ಕಡ್ಡಾಯ. ಅದನ್ನು ಬಿಟ್ಟರೂ ಸರ್ಕಾರಿ ಪತ್ರವ್ಯವಹಾರ ಮರಾಠಿಯಲ್ಲೇ ಅಲ್ವಾ. ಕನ್ನಡದ ಬಗ್ಗೆ ಮಾತ್ರ ಬಹಳ ಎಳೆದಾಟ ಆಯಿತು. ಮಾರ್ಕು ಇಟ್ಟರೆ ಚಂದದ ಕನ್ನಡದವರು ಬೇರೆಲ್ಲ ಕೊರತೆ ಮುಚ್ಚಿಕೊಂಡುಬಿಡುತ್ತಾರೆ. ಕೊನೆಗೆ ಓದಲು, ತಂದೆತಾಯಿಯ ಜೊತೆ ಮಾತಾಡಲು ಬರುತ್ತದೆಯೋ ಇಲ್ಲವೋ ಅಂತ ಹೌದು-ಇಲ್ಲ ಮಾಡಿಟ್ಟೆವು. ಬರುತ್ತದೆ ಅಂದರೆ ಒಳಗೆ. ಅದಕ್ಕಿಂತ ಜಾಸ್ತಿ ಬಂದರೆ ಸಂತೋಷ, ಮಾರ್ಕು ಇಲ್ಲ.

ಎರಡನೆಯ ಕೆಲಸ, ಹನ್ನೆರಡು ನಿಮಿಷದ ಒಂದು ಪಾಠದ ವಿಡಿಯೋ ನೋಡಿ ಆ ಟೀಚರಿಗೆ ಏನು ಹೇಳುತ್ತೀರಿ ಅಂತ. ಎಲ್ಲರಿಗೂ ಅದೇ ವಿಡಿಯೋ. ಆರನೇ ಕ್ಲಾಸಿನ ಭಿನ್ನರಾಶಿ. ಟೀಚರ್ ಪಾಪ ಒಳ್ಳೆಯವರೇ, ಆದರೆ ಪಾಠದುದ್ದಕ್ಕೂ ಮುಂದಿನ ಎರಡು ಬೆಂಚಿಗೇ ಪ್ರಶ್ನೆ ಕೇಳುತ್ತಾರೆ. ಅದನ್ನು ಕಂಡವರು ಎಷ್ಟು ಜನ, ಕಂಡವರಲ್ಲಿ ಟೀಚರಿನ ಮನಸ್ಸು ಮುರಿಯದ ಹಾಗೆ ಹೇಳಿದವರು ಎಷ್ಟು ಜನ? ನಮ್ಮ ಸೂಪರ್‌ವೈಸರ್ ಮೇಡಂ ಹದಿಮೂರೋ ಹದಿನಾಲ್ಕೋ ತಪ್ಪು ಪಟ್ಟಿ ಮಾಡಿದರು. ಎಲ್ಲವೂ ನಿಜ. ಆದರೆ ಆ ಟೀಚರ್ ನಾಳೆ ಏನು ಬದಲಾಯಿಸಬೇಕು ಅಂತ ಒಂದೂ ಹೇಳಲಿಲ್ಲ.

ಮೂರನೆಯದು ಸಿಟ್ಟಾದ ತಂದೆ. ಇದಕ್ಕೆ ನಾಟಕದವರೊಬ್ಬರನ್ನು ಹಿಡಿದೆವು. ಹಗಲು ಆಫೀಸು, ಶನಿವಾರ-ಭಾನುವಾರ ಯಕ್ಷಗಾನ. ದಿನಕ್ಕೆ 1,500 ರೂಪಾಯಿ, ಊಟ ನಮ್ಮದು. ಮೊದಲ ಸಲ ಇವರು ಪಾತ್ರದೊಳಗೆ ಹೊಕ್ಕು ಮೇಜು ಗುದ್ದಿದ ರಭಸಕ್ಕೆ ಒಬ್ಬ ಅಭ್ಯರ್ಥಿ ನಿಜವಾಗಿ ಹೆದರಿದರು. ಮುಂದಿನವರಿಗೆ ಇವರೇ ಸುಸ್ತಾಗಿ ಮೆತ್ತಗಾದರು. ಅಂದರೆ ಒಬ್ಬರಿಗೆ ಮಹಿಷಾಸುರ, ಇನ್ನೊಬ್ಬರಿಗೆ ಸುದಾಮ. ಆಮೇಲೆ ಅವರಿಗೆ ಆರು ಸಾಲು ಬರೆದುಕೊಟ್ಟು, ಯಾವ ಸಾಲಿಗೆ ಎದ್ದು ನಿಲ್ಲಬೇಕು ಅಂತಲೂ ಗುರುತು ಹಾಕಿಕೊಟ್ಟೆವು. ಆ ಆರನೇ ಸಾಲು ಯಾವುದು ಅಂತ ಇಲ್ಲಿ ಬರೆಯುವುದಿಲ್ಲ. ಅದರಿಂದಲೇ ಅರ್ಧ ಫಲಿತಾಂಶ ತಿಳಿಯುತ್ತದೆ. ಮುಂದಿನ ಸಲದ ಅಭ್ಯರ್ಥಿಗಳೂ ಇದನ್ನು ಓದುತ್ತಿರಬಹುದು.

ಮಾರ್ಕು ಹಾಕುವವರು ಐದು ಜನ. ಇಬ್ಬರು ಟ್ರಸ್ಟಿಗಳು, ಮರಾಠಿ ಶಾಲೆಯಿಂದ ನಿವೃತ್ತರಾದ ಮುಖ್ಯೋಪಾಧ್ಯಾಪಕರು, ಬೇರೆ ಸಂಸ್ಥೆಯ ಒಬ್ಬ ಟೀಚರ್, ಮತ್ತೆ ಆಸ್ಪತ್ರೆಯೊಂದರಲ್ಲಿ ನರ್ಸುಗಳ ಮೇಲ್ವಿಚಾರಕಿಯಾಗಿದ್ದ ಮಹಿಳೆಯೊಬ್ಬರು. ಶಾಲೆಗೂ ಅವರಿಗೂ ಏನು ಸಂಬಂಧ ಅಂತ ಕೆಲವರು ಕೇಳಿದರು. ಅತ್ಯಂತ ಸ್ಥಿರವಾಗಿ ಮಾರ್ಕು ಹಾಕಿದ್ದು ಅವರೇ. ಕಾಗದದಲ್ಲಿ ಬರೆದದ್ದನ್ನು ಓದುವುದು, ಕಂಡದ್ದನ್ನು ಬರೆಯುವುದು, ಮಧ್ಯದಲ್ಲಿ ತನ್ನದೊಂದು ಸೇರಿಸದಿರುವುದು. ಮೂವತ್ತು ವರ್ಷ ಚಾರ್ಟ್ ಬರೆದ ಕೈ ಅದು.

ನಿಜವಾದ ದಿನಕ್ಕೆ ಮೊದಲು ಒಂದು ತಾಲೀಮು ಮಾಡಿದೆವು. ಪರಿಚಯದ ಒಬ್ಬ ನಿವೃತ್ತ ಹೆಡ್ ಸರ್‌ಗೆ "ನೀವು ಅಭ್ಯರ್ಥಿಯ ಹಾಗೆ ಬನ್ನಿ. ಚೆನ್ನಾಗಿ ಮಾತಾಡಿ, ಆದರೆ ಒಳಗೆ ಏನೂ ಇರಬಾರದು" ಅಂದೆ. ಒಪ್ಪಿದರು. ಸೂಟು ಹಾಕಿ ಬಂದು ಒಂದು ಗಂಟೆ ಅದ್ಭುತವಾಗಿ ಏನೂ ಹೇಳಲಿಲ್ಲ. ಮಳೆಯ ಕಾಗದಕ್ಕೆ "ಮಕ್ಕಳ ಸುರಕ್ಷೆಯೇ ನನ್ನ ಮೊದಲ ಆದ್ಯತೆ" ಅಂತ ಮೂರು ರೀತಿಯಲ್ಲಿ ಹೇಳಿ ನಿಲ್ಲಿಸಿದರು. ಐವರಲ್ಲಿ ಮೂವರು ನಾಲ್ಕಕ್ಕೆ ನಾಲ್ಕು ಕೊಟ್ಟರು! ಲಕೋಟೆ ಒಡೆದು, ಬರೆದಿಟ್ಟ ಮೆಟ್ಟಿಲುಗಳ ಪಕ್ಕ ಇಟ್ಟು ತೋರಿಸಿದಾಗ ಯಾರಿಗೂ ಮಾತಿಲ್ಲ. ಆ ಒಂದು ದಿನದ ತಾಲೀಮಿಗೆ ಊಟ ಬಿಟ್ಟರೆ ಖರ್ಚೇ ಇಲ್ಲ, ಆದರೆ ಇಡೀ ಕೆಲಸದಲ್ಲಿ ಅದಕ್ಕಿಂತ ಉಪಯೋಗವಾದದ್ದು ಇನ್ನೊಂದಿಲ್ಲ. ಅದಕ್ಕೂ ಮೊದಲು ಒಂದೇ ಉತ್ತರಕ್ಕೆ ಇಬ್ಬರ ಮಾರ್ಕಿನಲ್ಲಿ ಎರಡು ಮೆಟ್ಟಿಲಿನ ಅಂತರ ಇದ್ದದ್ದು ಹೆಚ್ಚುಕಡಿಮೆ ಮೂರರಲ್ಲಿ ಒಂದು ಸಲ. ಆಮೇಲೆ ನೆನಪಿರುವ ಮಟ್ಟಿಗೆ ಹತ್ತು-ಹನ್ನೆರಡರಲ್ಲಿ ಒಂದು.

ಸರದಿಯ ವಿಷಯವೂ ಇದೆ. ಮಂಗಳೂರು ಕಡೆಯ ಮತ್ಸ್ಯಗಂಧಾ ರೈಲಿನಲ್ಲಿ ರಾತ್ರಿಯಿಡೀ ಬಂದು ಕುರ್ಲಾ ಟರ್ಮಿನಸ್ಸಿನಲ್ಲಿ ಇಳಿದವರನ್ನೂ, ಗೋರೆಗಾಂವ್‌ನಿಂದ ಆಟೋದಲ್ಲಿ ಬಂದವರನ್ನೂ ಒಂದೇ ದಿನ ಹತ್ತು ಗಂಟೆಗೆ ಕೂರಿಸಿದರೆ ಹೇಗೆ ಸರಿ? ಊರಿನಿಂದ ಬರುವವರನ್ನು ಒಂದು ದಿನ ಮೊದಲೇ ಕರೆಸಿ, ಸಂಸ್ಥೆಯ ಗೆಸ್ಟ್ ರೂಮಿನಲ್ಲಿ ಮಲಗಿಸಿದೆವು. ಊಟದ ನಂತರದ ಅಭ್ಯರ್ಥಿಗೆ ಮಾರ್ಕು ಕಡಿಮೆ ಬೀಳುವುದು ಹಳೆಯ ಹಾಳೆಗಳಲ್ಲಿ ಕಾಣುತ್ತಿತ್ತು. ಅದಕ್ಕೆ ಕಡತವನ್ನು ಅರ್ಧ ಜನರಿಗೆ ಬೆಳಗ್ಗೆ, ಅರ್ಧ ಜನರಿಗೆ ಮಧ್ಯಾಹ್ನ ಕೊಟ್ಟೆವು. ಕಡತದ ಉತ್ತರ ತಿದ್ದುವವರಿಗೆ ಹೆಸರಿಲ್ಲ, ನಂಬರ್ ಮಾತ್ರ. ತಿದ್ದಿದ್ದೂ ಒಬ್ಬೊಬ್ಬ ಅಭ್ಯರ್ಥಿಯ ಇಡೀ ಕಡತವನ್ನಲ್ಲ. ಎಲ್ಲರ ಮಳೆ ಕಾಗದ ಮೊದಲು, ಆಮೇಲೆ ಎಲ್ಲರ ಮರಾಠಿ ಪತ್ರ. ಎಸ್ಸೆಸ್ಸಿ, ಅಂದರೆ ಹತ್ತನೇ ಕ್ಲಾಸಿನ ಪೇಪರ್ ತಿದ್ದಿದವರಿಗೆ ಇದು ಹೊಸದೇನಲ್ಲ.

ಅರ್ಜಿಗಳಿಂದಲೂ ಹೆಸರು, ಊರು, ಫೋಟೋ ತೆಗೆಸಿದ್ದೆ. ಇದು ನನ್ನ ಹುಚ್ಚು ಪ್ರಯೋಗ. ಆಫೀಸಿನ ಕ್ಲರ್ಕ್ ಕಪ್ಪು ಸ್ಕೆಚ್ ಪೆನ್ನಿನಲ್ಲಿ ಬಳಿದು ಬಳಿದು ಬೈದುಕೊಂಡರು. ಉಪಯೋಗ ಆಯಿತಾ? ಮೊದಲ ಸುತ್ತಿಗೆ ಆಯಿತು. ಯಾರು ಯಾವ ಜಾತಿ ಅಂತ ಗೊತ್ತಾಗದೆ ಟ್ರಸ್ಟಿಗಳು ಅನುಭವದ ಕಾಲಮ್ಮನ್ನು ಮೊದಲ ಬಾರಿಗೆ ಓದಿದರು. ಮುಖತಃ ಬಂದ ಮೇಲೆ ಏನೂ ಉಪಯೋಗ ಇಲ್ಲ. ಬಾಯಿ ಬಿಟ್ಟರೆ ಕುಂದಾಪುರವೋ ಧಾರವಾಡವೋ ಅಂತ ಎರಡೇ ವಾಕ್ಯದಲ್ಲಿ ತಿಳಿಯುತ್ತದೆ. ಇನ್ನೊಂದು ಪ್ರಯೋಗ, ಹೊರಗೆ ಕಾಯುವಾಗ ಅಭ್ಯರ್ಥಿ ಹೇಗೆ ನಡೆದುಕೊಳ್ಳುತ್ತಾರೆ ಅಂತ ನಮ್ಮ ಪ್ಯೂನಿಗೆ ಮಾರ್ಕು ಹಾಕಲು ಹೇಳಿದ್ದು. ತುಳು ಮಾತಾಡಿದವರಿಗೆಲ್ಲ ಅವನು ಪೂರ್ತಿ ಮಾರ್ಕು ಕೊಟ್ಟ. ಸಂಜೆಯೇ ಅದನ್ನು ನಿಲ್ಲಿಸಿದೆವು.

ಎಲ್ಲಕ್ಕಿಂತ ದೊಡ್ಡ ಜಗಳ ಒಂದು ಕಾಗದದ ಮೇಲೆ. ಎಂಟನೇ ಕ್ಲಾಸಿನ ಹುಡುಗಿ ಒಬ್ಬ ಟೀಚರ್ ಬಗ್ಗೆ ಚೀಟಿ ಬರೆದು ಕೊಟ್ಟಿದ್ದಾಳೆ, ಅವರು ಕ್ಲಾಸಿನಲ್ಲಿ ಮೈ ಮುಟ್ಟುತ್ತಾರೆ ಅಂತ. ಏನು ಮಾಡುತ್ತೀರಿ? ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೋ ಕಾಯ್ದೆಯ 19ನೇ ಕಲಮು ಪೊಲೀಸರಿಗೆ ತಿಳಿಸಲೇಬೇಕು ಅನ್ನುತ್ತದೆ. ತಿಳಿಸದಿದ್ದರೆ ಶಿಕ್ಷೆ ಇದೆ, ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಜೈಲು ಆಗಬಹುದು. ಒಟ್ಟು ಮಾರ್ಕಿನಲ್ಲಿ ಎಲ್ಲರಿಗಿಂತ ಮೇಲಿದ್ದ ಅಭ್ಯರ್ಥಿ ಬರೆದದ್ದು: "ಇಬ್ಬರನ್ನೂ ಕರೆದು ಮಾತಾಡಿ, ವಿಷಯ ಹೊರಗೆ ಹೋಗದಂತೆ ಒಳಗೇ ಮುಗಿಸುತ್ತೇನೆ." ಮಕ್ಕಳ ಸುರಕ್ಷೆಯ ಕಾಗದದಲ್ಲಿ ಒಂದೇ ಮಾರ್ಕು ಬಿದ್ದರೆ, ಒಟ್ಟು ಎಷ್ಟಿದ್ದರೂ ಹೊರಗೆ ಅಂತ ನಾವು ಮೊದಲೇ ಬರೆದಿದ್ದೆವು. ಐವರೂ ಒಂದೇ ಮಾರ್ಕು ಕೊಟ್ಟಿದ್ದರು. ಆದರೆ ಆ ಅಭ್ಯರ್ಥಿ ನಮ್ಮ ಹಿರಿಯ ಟ್ರಸ್ಟಿಯವರ ಅಚ್ಚುಮೆಚ್ಚು. "ಅನುಭವಸ್ಥ ಮನುಷ್ಯ, ಒಂದು ಉತ್ತರಕ್ಕೆ ಬಿಡುತ್ತೀರಾ?" ಅಂದರು. "ಅಣ್ಣ, ಈ ಸಾಲಿನ ಕೆಳಗೆ ನಿಮ್ಮದೇ ಸಹಿ ಇದೆ" ಅಂತ ಹಾಳೆ ತೋರಿಸಿದೆ. ಎರಡು ತಿಂಗಳು ನನ್ನ ಜೊತೆ ಮಾತು ಬಿಟ್ಟಿದ್ದರು. ಗಣೇಶ ಚೌತಿಗೆ ಸರಿಯಾಯಿತು.

ಖರ್ಚು ಕೇಳುತ್ತೀರಿ ಅಂತ ಗೊತ್ತು. ಎರಡು ಪತ್ರಿಕೆಯಲ್ಲಿ ಜಾಹೀರಾತು 22,000 ಚಿಲ್ಲರೆ. ಊರಿನಿಂದ ಬಂದವರ ರೈಲು ಖರ್ಚು 15,000 ಆಸುಪಾಸು. ಹೊರಗಿನ ಮೂವರಿಗೆ ಗೌರವಧನ ದಿನಕ್ಕೆ 2,000. ನರ್ಸಮ್ಮ ತಗೊಳ್ಳಲಿಲ್ಲ, ಶಾಲೆಯ ಫಸ್ಟ್ ಏಡ್ ಪೆಟ್ಟಿಗೆಗೆ ಕೊಟ್ಟರು. ನಾಟಕದವರು, ವಿಡಿಯೋ, ಜೆರಾಕ್ಸ್, ಲಕೋಟೆ. ಎಲ್ಲ ಸೇರಿ 60,000 ದಾಟಿರಬಹುದು. ತಿಂಡಿ ಲೆಕ್ಕಕ್ಕಿಲ್ಲ. ಹೋಟೆಲ್ ಇರುವ ಟ್ರಸ್ಟಿಯೊಬ್ಬರು ಇಡ್ಲಿ-ವಡೆ ಕಳಿಸಿದ್ದರು. ಮೊದಲು ಅತಿಹೆಚ್ಚು ಗೇಲಿ ಮಾಡಿದ್ದೂ ಅವರೇ.

ಇನ್ನೊಂದು ಆಟವನ್ನೂ ಆಡಿದ್ದೆ. ಅಭ್ಯರ್ಥಿ ಒಳಬಂದು ಐದು ನಿಮಿಷಕ್ಕೆ ಪ್ರತಿಯೊಬ್ಬರೂ "ಇವರು ಆಗಬಹುದಾ" ಅಂತ ಒಂದು ಚೀಟಿ ಬರೆಯಬೇಕು. ಎಲ್ಲ ಮಾರ್ಕು ಮುಗಿದ ಮೇಲೆ ಇನ್ನೊಂದು. ಇದು ನನ್ನ ಬುದ್ಧಿಯಲ್ಲ. 1950ರ ದಶಕದಲ್ಲಿ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಇಸ್ರೇಲಿ ಸೈನ್ಯದ ಇಂಟರ್‌ವ್ಯೂ ತಿದ್ದಿದಾಗ, ಒಂದೊಂದು ಗುಣಕ್ಕೂ ಬೇರೆ ಬೇರೆ ಮಾರ್ಕು ಹಾಕಿಸಿ, ಕೊನೆಗೆ ಮಾತ್ರ ಕಣ್ಣು ಮುಚ್ಚಿ ಒಟ್ಟಾರೆ ಏನನ್ನಿಸುತ್ತದೆ ಹೇಳಿ ಅಂದಿದ್ದರಂತೆ. ಆ ಕೊನೆಯ ಅನಿಸಿಕೆ ಚೆನ್ನಾಗಿಯೇ ಕೆಲಸ ಮಾಡಿತು. ನಮ್ಮ ಚೀಟಿಗಳನ್ನು ವರ್ಷ ಕಳೆದ ಮೇಲೆ ಒಡೆದೆವು. ಐದು ನಿಮಿಷದ ಚೀಟಿಯಲ್ಲಿ ಈಗಿನ ಮೇಡಂ ಹೆಸರಿಗೆ ಹೌದು ಅಂದದ್ದು ಒಬ್ಬರೇ. ಮೆಲುದನಿ, ಸಾದಾ ಸೀರೆ, ಮಾತಿಗೆ ಮೊದಲು ಯೋಚಿಸುವ ಅಭ್ಯಾಸ. ಕೊನೆಯ ಚೀಟಿಯಲ್ಲಿ ನಾಲ್ವರು ಹೌದು ಅಂದಿದ್ದರು. "ನೋಡಿದ ಕೂಡಲೇ ಮನುಷ್ಯ ಗೊತ್ತಾಗುತ್ತದೆ" ಅನ್ನುವವರಿಗೆ ಆ ಎರಡು ಲಕೋಟೆಗಳನ್ನು ಈಗಲೂ ತೋರಿಸುತ್ತೇನೆ.

ಸೋತವರಿಗೂ ಅವರವರ ಹಾಳೆ ತೋರಿಸಿದೆವು, ಹೆಸರು ಮುಚ್ಚಿದ ಮಾರ್ಕುಗಳ ಜೊತೆ. ವಕೀಲರು ಬೇಡ ಅಂದಿದ್ದರು. ಸ್ಕೂಲ್ ಟ್ರಿಬ್ಯೂನಲ್, ಹೈಕೋರ್ಟು ಅಂತ ಹೆದರಿಸಿದರು. ಇಲ್ಲಿಯವರೆಗೆ ಯಾರೂ ಹೋಗಿಲ್ಲ. ಸೂಪರ್‌ವೈಸರ್ ಮೇಡಂ ಮುಕ್ಕಾಲು ಗಂಟೆ ತಮ್ಮ ಹಾಳೆ ಓದಿದರು. ವಿಡಿಯೋದ ಮಾರ್ಕಿನ ಬಗ್ಗೆ ಚೆನ್ನಾಗಿ ವಾದ ಮಾಡಿದರು. ಮಾರ್ಕು ಬದಲಾಗಲಿಲ್ಲ, ಅವರೂ ಬಿಟ್ಟುಹೋಗಲಿಲ್ಲ. ಈಗ ಹೊಸ ಟೀಚರ್‌ಗಳ ಪಾಠ ನೋಡಲು ಅವರೇ ಹೋಗುತ್ತಾರೆ. ಹೊರಬರುವಾಗ ಎರಡೇ ವಿಷಯ ಹೇಳುತ್ತಾರಂತೆ.

ಹಾಳೆ ಬೇಕಾದವರಿಗೆ ಕೊಡುತ್ತೇನೆ, ಆದರೆ ನಮ್ಮ ಕಡತ ಕೊಡುವುದಿಲ್ಲ. ಅದು ಒಮ್ಮೆ ಹೊರಗೆ ಬಿದ್ದರೆ ಸತ್ತ ಹಾಗೆ. ನಿಮ್ಮದನ್ನು ನೀವೇ ಬರೆಯಬೇಕು. ಜಗಳವೂ ನೀವೇ ಆಡಬೇಕು. ರಾತ್ರಿ ಶಾಲೆಯ ಹೆಡ್ ಬರುವ ಮೇ ತಿಂಗಳಲ್ಲಿ ನಿವೃತ್ತರಾಗುತ್ತಿದ್ದಾರೆ. ಅಲ್ಲಿನ ಮಕ್ಕಳು ಹೋಟೆಲು, ಅಂಗಡಿ ಕೆಲಸ ಮುಗಿಸಿ ಬರುವವರು. ಹಗಲು ಶಾಲೆಯ ಕಡತ ಅಲ್ಲಿ ನಡೆಯುವುದಿಲ್ಲ. ಹೊಸದಾಗಿ ಬರೆಯಲು ಕೂತಿದ್ದೇವೆ. ಮೊದಲ ಕಾಗದ ಆಗಿದೆ: ಪರೀಕ್ಷೆಯ ಹಿಂದಿನ ದಿನ ಹೋಟೆಲ್ ಮಾಲೀಕ ಹುಡುಗನಿಗೆ ರಜೆ ಕೊಡುವುದಿಲ್ಲ ಅನ್ನುತ್ತಿದ್ದಾನೆ. ನಾಲ್ಕನೇ ಮೆಟ್ಟಿಲಿಗೆ ಏನು ಬರೆಯಬೇಕು ಅಂತ ಇಡ್ಲಿ ಕಳಿಸುವ ಟ್ರಸ್ಟಿಯವರನ್ನೇ ಕೇಳಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.